ಬೈಕಿಗೆ ಬೀಗವುಂಟು, ಹೊಣೆಗೆ ವಾರಸುದಾರರಿಲ್ಲ

ಬೆಂಗಳೂರು: ಬೆಳಿಗ್ಗೆ ಆರೂವರೆಗೆ ಕೆಲಸಕ್ಕೆ ಹೊರಟವನು ಕೀಲಿಕೈ ಹಿಡಿದು ಮೆಟ್ಟಿಲಿಳಿದು ಬರುತ್ತಾನೆ. ರಾತ್ರಿ ಬೈಕ್ ನಿಲ್ಲಿಸಿದ್ದ ಜಾಗದಲ್ಲಿ ಎಣ್ಣೆಯ ಕಲೆಯೊಂದೇ ಉಳಿದಿದೆ. ಯಾರಾದರೂ ತಮ್ಮ ಗಾಡಿ ತೆಗೆಯಲು ಸರಿಸಿಟ್ಟಿರಬಹುದೆಂದು ಮೂಲೆ ಮೂಲೆ ಹುಡುಕುತ್ತಾನೆ. ಕಾವಲುಗಾರ ‘ನಾನು ನೋಡಿಲ್ಲ ಸಾರ್’ ಎನ್ನುತ್ತಾನೆ. ಮನೆ ಮಾಲೀಕರು ‘ನಿಮ್ಮ ಗಾಡಿ, ನೀವೇ ಹುಷಾರಾಗಿರಬೇಕಿತ್ತು’ ಎನ್ನುತ್ತಾರೆ. ನಿವಾಸಿಗಳ ಸಂಘದ ಕಾರ್ಯದರ್ಶಿ ಗೋಡೆಯ ಮೇಲಿನ ಫಲಕವನ್ನು ತೋರಿಸುತ್ತಾರೆ: ‘ವಾಹನಗಳನ್ನು ಮಾಲೀಕರು ಸ್ವಂತ ಜವಾಬ್ದಾರಿಯಲ್ಲಿ ನಿಲ್ಲಿಸತಕ್ಕದ್ದು.’

ರಾಜ್ಯದ ಯಾವುದೇ ನಗರದ ಓದುಗರಿಗೆ ಈ ದೃಶ್ಯ ಅಪರಿಚಿತವಲ್ಲ. ಬೆಂಗಳೂರು ಒಂದರಲ್ಲಿಯೇ ನೋಂದಣಿಯಾಗಿರುವ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಅದರಲ್ಲಿ ಹೆಚ್ಚಿನ ಪಾಲು ದ್ವಿಚಕ್ರ ವಾಹನಗಳದ್ದು. ಹಗಲೆಲ್ಲ ರಸ್ತೆಯ ಮೇಲಿರುವ ಈ ವಾಹನಗಳು ರಾತ್ರಿ ಎಲ್ಲಿ ತಂಗುತ್ತವೆ? ಅಪಾರ್ಟ್‌ಮೆಂಟಿನ ತಳಭಾಗದಲ್ಲಿ, ವಠಾರದ ಓಣಿಯಲ್ಲಿ, ಪೇಯಿಂಗ್ ಗೆಸ್ಟ್ ವಸತಿಗಳ ಮುಂಭಾಗದಲ್ಲಿ, ಜಾಗ ಸಾಲದಿದ್ದರೆ ಚರಂಡಿಯ ಅಂಚಿನಲ್ಲಿ. ಒಂಟಿ ಮನೆಯ ಕಾಂಪೌಂಡಿನೊಳಗೆ ನಿಲ್ಲುವ ಭಾಗ್ಯ ಬಹುತೇಕ ಬೈಕುಗಳಿಗೆ ಇಲ್ಲ.

ಎಲ್ಲರ ಅಂಗಳ, ಯಾರದೂ ಅಲ್ಲದ ಅಂಗಳ

ಹಂಚಿಕೊಂಡ ಪಾರ್ಕಿಂಗ್ ಕಳ್ಳರಿಗೆ ಏಕೆ ಅನುಕೂಲಕರ ಎಂಬುದನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ಒಂಟಿ ಮನೆಯ ಗೇಟು ತೆಗೆದು ಒಳಬಂದ ಅಪರಿಚಿತ ತಕ್ಷಣ ಎದ್ದು ಕಾಣುತ್ತಾನೆ. ಇಪ್ಪತ್ತು ಮನೆಗಳ ಕಟ್ಟಡದಲ್ಲಿ ಹಾಗಲ್ಲ. ಬಾಡಿಗೆದಾರರು ಬದಲಾಗುತ್ತಿರುತ್ತಾರೆ, ಬಂಧುಗಳು ಬರುತ್ತಾರೆ, ಆಹಾರ ಮತ್ತು ಸಾಮಾನು ತಲುಪಿಸುವ ಹುಡುಗರು ಹೊತ್ತು ಗೊತ್ತಿಲ್ಲದೆ ಓಡಾಡುತ್ತಾರೆ. ಹೆಲ್ಮೆಟ್ ಧರಿಸಿದ ವ್ಯಕ್ತಿಯೊಬ್ಬ ಬೈಕನ್ನು ತಳ್ಳಿಕೊಂಡು ಹೊರಹೋಗುವುದನ್ನು ನೋಡಿದವರು ಅದು ಅವನದೇ ಇರಬೇಕೆಂದು ಸುಮ್ಮನಾಗುತ್ತಾರೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಇಕ್ಕಟ್ಟಾದ ಜಾಗದಲ್ಲಿ ಒಂದರ ಹಿಂದೊಂದು ಗಾಡಿ ನಿಲ್ಲುವುದರಿಂದ, ಬೆಳಿಗ್ಗೆ ಬೇಗ ಹೊರಡುವವರು ಉಳಿದವರ ಗಾಡಿಗಳನ್ನು ಸರಿಸಲೇಬೇಕು. ಆದ್ದರಿಂದ ‘ಹ್ಯಾಂಡಲ್ ಲಾಕ್ ಮಾಡಬೇಡಿ’ ಎಂಬ ಅಲಿಖಿತ ನಿಯಮ ಎಷ್ಟೋ ಕಟ್ಟಡಗಳಲ್ಲಿ ಜಾರಿಯಲ್ಲಿದೆ. ನೆರೆಯವರ ಅನುಕೂಲಕ್ಕಾಗಿ ತೆರೆದಿಟ್ಟ ಬೀಗ ಕಳ್ಳನಿಗೂ ತೆರೆದೇ ಇರುತ್ತದೆ. ಅಂದರೆ ಕಳವಿನ ಅರ್ಧ ಕೆಲಸವನ್ನು ಜಾಗದ ಅಭಾವವೇ ಮಾಡಿಕೊಟ್ಟಂತಾಯಿತು! ಮಾಲೀಕನ ಅಜಾಗರೂಕತೆ ಎಂದು ನಾವು ಹಳಿಯುವುದು ಅನೇಕ ಸಲ ಕಟ್ಟಡದ ವಿನ್ಯಾಸದ ದೋಷವೇ ಆಗಿರುತ್ತದೆ.

ಸಮಯವೇ ಕಾವಲು

ಹ್ಯಾಂಡಲ್ ಲಾಕ್ ಹಾಕಿದರೂ ನಿಶ್ಚಿಂತೆಯಿಂದ ಮಲಗುವಂತಿಲ್ಲ. ಅದನ್ನು ಹಿಡಿದಿಡುವುದು ಸಣ್ಣದೊಂದು ಉಕ್ಕಿನ ಕಡ್ಡಿ, ಬಲ ಪ್ರಯೋಗಿಸಿದರೆ ಮುರಿಯುತ್ತದೆ. ಸವೆದ ಹಳೆಯ ಬೀಗಗಳು ಬೇರೆ ಕೀಲಿಗೂ ತೆರೆದುಕೊಳ್ಳುವುದುಂಟು. ದಿನಬಳಕೆಯ ಸಾಮಾನ್ಯ ಬೈಕುಗಳಲ್ಲಿ, ಕಾರುಗಳಲ್ಲಿರುವಂತೆ ಅಸಲಿ ಕೀಲಿಯಿಲ್ಲದೆ ಎಂಜಿನ್ ಚಾಲೂ ಆಗದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಬಹುಮಟ್ಟಿಗೆ ಇಲ್ಲ. ಎಂಜಿನ್ ಚಾಲೂ ಆಗದಿದ್ದರೂ ಇನ್ನೊಂದು ಗಾಡಿಯಲ್ಲಿ ಕುಳಿತ ಜತೆಗಾರ ಕಾಲಿನಿಂದ ತಳ್ಳಿಕೊಂಡು ಹೋಗುತ್ತಾನೆ.

ಯಾವ ಬೀಗವೂ ಮುರಿಯಲಾಗದ್ದಲ್ಲ. ಕಳ್ಳನಿಗೆ ಬೇಡವಾದದ್ದು ಮೂರು: ತಡವಾಗುವುದು, ಸದ್ದಾಗುವುದು, ಬೆಳಕಿಗೆ ಬೀಳುವುದು. ಈ ಮೂರನ್ನೂ ಹೆಚ್ಚಿಸುವುದೇ ರಕ್ಷಣೆಯ ಸೂತ್ರ. ಚಕ್ರದ ಡಿಸ್ಕಿಗೆ ಹಾಕುವ ಬೀಗ ಗಾಡಿಯನ್ನು ಉರುಳಿಸಲು ಬಿಡುವುದಿಲ್ಲ. ಆದರೆ ಇಬ್ಬರು ಸೇರಿ ಎತ್ತಿ ಸಾಗಣೆ ವಾಹನಕ್ಕೆ ಹಾಕಿದರೆ ಅದು ನಿರುಪಯೋಗಿ. ದಪ್ಪ ಸರಪಳಿಯನ್ನು ಬೈಕಿನ ಚೌಕಟ್ಟಿನ ಮೂಲಕ ಹಾಯಿಸಿ, ಕಂಬಕ್ಕೋ ನೆಲದಲ್ಲಿ ಹೂತ ಕಬ್ಬಿಣದ ಬಳೆಗೋ ಬಿಗಿದಾಗ ಮಾತ್ರ ಎತ್ತೊಯ್ಯುವುದು ಕಷ್ಟ. ಚಕ್ರಕ್ಕೆ ಮಾತ್ರ ಸರಪಳಿ ಹಾಕಿದರೆ ಚಕ್ರ ಉಳಿದು ಬೈಕು ಹೋದೀತು. ಹೊದಿಕೆ ಹಾಕುವುದೂ ವ್ಯರ್ಥವಲ್ಲ: ಒಳಗಿರುವುದು ಯಾವ ಮಾದರಿ, ಯಾವ ಬೀಗವಿದೆ ಎಂಬುದು ದೂರದಿಂದ ತಿಳಿಯುವುದಿಲ್ಲ. ಜಿಪಿಎಸ್ ಉಪಕರಣ ಕಳವನ್ನು ತಡೆಯುವುದಿಲ್ಲ, ಕಳವಾದ ಮೇಲೆ ಜಾಡು ಹಿಡಿಯಲು ನೆರವಾಗುತ್ತದೆ. ಈ ವ್ಯತ್ಯಾಸ ಅರಿಯದೆ ಅದೊಂದನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ.

ನಂಬರ್ ಪ್ಲೇಟಿನ ವಿಷಯದಲ್ಲಿ ಸರ್ಕಾರ ಒಂದು ಹೆಜ್ಜೆ ಇಟ್ಟಿದೆ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳು ಅತಿ ಸುರಕ್ಷಿತ ನೋಂದಣಿ ಫಲಕ, ಅಂದರೆ ಎಚ್‌ಎಸ್‌ಆರ್‌ಪಿ ಸಹಿತವೇ ಬರುತ್ತಿವೆ. ಅದಕ್ಕೂ ಹಿಂದಿನ ವಾಹನಗಳಿಗೂ ಇದನ್ನು ಕಡ್ಡಾಯಗೊಳಿಸಿ ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಗಡುವು ಮತ್ತೆ ಮತ್ತೆ ವಿಸ್ತರಣೆಯಾಯಿತು. ಲೇಸರ್‌ನಿಂದ ಕೊರೆದ ಗುರುತಿನ ಸಂಖ್ಯೆ ಮತ್ತು ಒಮ್ಮೆ ತೆಗೆದರೆ ಮರಳಿ ಕೂರದ ಜೋಡಣೆ ಇದರ ವಿಶೇಷ. ಕದ್ದ ಬೈಕನ್ನು ಬೇರೆ ಸಂಖ್ಯೆಯಲ್ಲಿ ಓಡಿಸುವುದು ಇದರಿಂದ ಕಠಿಣವಾಗುತ್ತದೆ. ಬಿಡಿಭಾಗಗಳಾಗಿ ಕಳಚಿ ಗುಜರಿಗೆ ಸೇರುವ ಬೈಕಿಗೆ ಮಾತ್ರ ಈ ಫಲಕದಿಂದ ರಕ್ಷಣೆಯಿಲ್ಲ.

ಐದು ವರ್ಷದ ವಿಮೆ ಎಂಬ ಭ್ರಮೆ

ಬೈಕು ಹೋದ ಮೇಲೆ ಬಹಳಷ್ಟು ಜನರಿಗೆ ಎರಡನೆಯ ಪೆಟ್ಟು ಬೀಳುವುದು ವಿಮೆಯ ಕಾಗದ ತೆರೆದಾಗ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಇದು ನಮ್ಮ ವಾಹನದಿಂದ ಅನ್ಯರಿಗೆ ಆಗುವ ಹಾನಿಗೆ ಮಾತ್ರ ಸಂಬಂಧಿಸಿದ್ದು. ಕಳವಿಗೆ ಪರಿಹಾರ ಸಿಗಬೇಕಾದರೆ ಸ್ವಂತ ಹಾನಿಯ ವಿಮೆ ಜಾರಿಯಲ್ಲಿರಬೇಕು. ಖರೀದಿಯ ವೇಳೆ ಇದನ್ನು ಸಾಮಾನ್ಯವಾಗಿ ಒಂದು ವರ್ಷಕ್ಕಷ್ಟೇ ಕೊಡಲಾಗುತ್ತದೆ. ‘ಐದು ವರ್ಷಕ್ಕೆ ಇನ್ಶೂರೆನ್ಸ್ ಕಟ್ಟಿದ್ದೇನೆ’ ಎಂದು ನಂಬಿದವನು ಎರಡನೆಯ ವರ್ಷದಿಂದಲೇ ಕಳವಿನ ರಕ್ಷಣೆಯಿಲ್ಲದೆ ಓಡಾಡುತ್ತಿರುತ್ತಾನೆ.

ಸ್ವಂತ ಹಾನಿಯ ವಿಮೆಯಿದ್ದರೂ ಸಿಗುವುದು ಹೊಸ ಬೈಕಿನ ಬೆಲೆಯಲ್ಲ, ಘೋಷಿತ ಮೌಲ್ಯ. ರೂಢಿಯಲ್ಲಿರುವ ಲೆಕ್ಕದಂತೆ ಎರಡರಿಂದ ಮೂರು ವರ್ಷದ ವಾಹನಕ್ಕೆ ಶೇ 30, ನಾಲ್ಕರಿಂದ ಐದು ವರ್ಷದ ವಾಹನಕ್ಕೆ ಶೇ 50 ಸವಕಳಿ ಕಳೆಯಲಾಗುತ್ತದೆ. ಸಾಲದ ಮೇಲೆ ಕೊಂಡ ಬೈಕಾದರೆ ಹಣ ಮೊದಲು ಸಾಲ ಕೊಟ್ಟವರಿಗೆ ಸಲ್ಲುತ್ತದೆ. ವಿಮಾ ಕಂಪೆನಿಗಳು ಎರಡೂ ಅಸಲಿ ಕೀಲಿಗಳನ್ನು ಕೇಳುತ್ತವೆ. ಎಲ್ಲೋ ಕಳೆದುಹೋದ ಎರಡನೆಯ ಕೀಲಿ ಆಗ ದೊಡ್ಡ ತಕರಾರಾಗುತ್ತದೆ.

ಇಲ್ಲಿ ಗ್ರಾಹಕರಿಗೆ ನ್ಯಾಯಾಲಯದ ಆಸರೆಯೂ ಇದೆ. ಪೊಲೀಸರಿಗೆ ಕೂಡಲೇ ದೂರು ನೀಡಿದ್ದರೆ, ವಿಮಾ ಕಂಪೆನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ 2020ರ ಜನವರಿಯಲ್ಲಿ ತೀರ್ಪಿತ್ತಿತು. ಹಾಗಾಗಿ ಮೊದಲ ಹೆಜ್ಜೆ ಠಾಣೆಯ ಕಡೆಗೇ ಇರಬೇಕು. ‘ನಾಳೆ ಸಿಗಬಹುದು’ ಎಂದು ಕಾಯುವ ಪ್ರತಿ ದಿನವೂ ಮಾಲೀಕನ ವಿರುದ್ಧದ ವಾದವಾಗುತ್ತದೆ.

ಫಲಕ ಹಾಕಿದರೆ ಹೊಣೆ ಮುಗಿಯಿತೇ?

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ವಿಧಿಯಡಿ ಕಳವಿಗೆ ಮೂರು ವರ್ಷದವರೆಗೆ ಸೆರೆವಾಸವಿದೆ. ವಾಸದ ಕಟ್ಟಡದೊಳಗಿನ ಕಳವು 305ನೇ ವಿಧಿಗೆ ಬರುತ್ತದೆ, ಅದಕ್ಕೆ ಏಳು ವರ್ಷದವರೆಗೆ ಶಿಕ್ಷೆ. ಬೈಕು ಎಲ್ಲಿ ನಿಂತಿತ್ತು ಎಂಬುದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಬೇಕಾದ್ದು ಈ ಕಾರಣಕ್ಕೆ. ಅದೇ ದಿನ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ವಿಧಿ, ವಿದ್ಯುನ್ಮಾನ ಮಾಧ್ಯಮದ ಮೂಲಕವೂ ದೂರು ನೀಡಿ ಮೂರು ದಿನದೊಳಗೆ ಸಹಿ ಮಾಡಲು ಅವಕಾಶ ಕಲ್ಪಿಸಿದೆ. ಘಟನೆ ನಡೆದದ್ದು ನಮ್ಮ ವ್ಯಾಪ್ತಿಯಲ್ಲಲ್ಲ ಎಂದು ಠಾಣೆಯವರು ಹಿಂದಕ್ಕೆ ಕಳಿಸುವಂತೆಯೂ ಇಲ್ಲ.

ಆದರೆ ನಷ್ಟವನ್ನು ಭರಿಸುವವರು ಯಾರು? 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನ ಸಿಬ್ಬಂದಿಗೆ ಕೀಲಿ ಕೊಟ್ಟು ನಿಲ್ಲಿಸಿದ ಮಾರುತಿ ಝೆನ್ ಕಾರು ಕಳವಾದ ಪ್ರಕರಣದಲ್ಲಿ, ‘ಮಾಲೀಕರ ಜವಾಬ್ದಾರಿ’ ಎಂಬ ಷರತ್ತಿನ ಮರೆಯಲ್ಲಿ ತನ್ನ ನಿರ್ಲಕ್ಷ್ಯದ ಹೊಣೆಯಿಂದ ಹೋಟೆಲ್ ಪಾರಾಗಲು ಸಾಧ್ಯವಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ಹೇಳಿತು. ಅಲ್ಲಿ ಕಾರಿನ ಸ್ವಾಧೀನ ಹೋಟೆಲಿಗೆ ಹಸ್ತಾಂತರವಾಗಿತ್ತು. ಅಪಾರ್ಟ್‌ಮೆಂಟಿನಲ್ಲಿ ಕೀಲಿ ಮಾಲೀಕನ ಜೇಬಿನಲ್ಲಿಯೇ ಇರುತ್ತದೆ. ಆದ್ದರಿಂದ ಆ ತೀರ್ಪನ್ನು ನೇರವಾಗಿ ನಿವಾಸಿಗಳ ಸಂಘದ ಮೇಲೆ ಹೊರಿಸಲಾಗದು.

ಹಾಗೆಂದು ಸಂಘಗಳು ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. ಕಟ್ಟಡದ ತಳಭಾಗದ ಪಾರ್ಕಿಂಗ್ ಜಾಗವನ್ನು ಬಿಲ್ಡರ್ ಪ್ರತ್ಯೇಕ ಆಸ್ತಿಯಂತೆ ಮಾರುವಂತಿಲ್ಲ, ಅದು ಎಲ್ಲರಿಗೂ ಸೇರಿದ ಸಾಮಾನ್ಯ ಪ್ರದೇಶ ಎಂದು ಮುಂಬಯಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿಯೇ ಹೇಳಿದೆ. ಜಾಗ ಎಲ್ಲರದ್ದಾದರೆ ಅದರ ನಿಗಾ ಕೂಡ ಎಲ್ಲರದ್ದಲ್ಲವೇ? ತಿಂಗಳು ತಿಂಗಳು ನಿರ್ವಹಣಾ ಶುಲ್ಕ ಪಡೆಯುವವರು ‘ಸ್ವಂತ ಜವಾಬ್ದಾರಿ’ಯ ಫಲಕವೊಂದನ್ನು ಹಾಕಿ ಸುಮ್ಮನಾದರೆ, ಶುಲ್ಕ ಯಾವುದಕ್ಕೆಂಬ ಪ್ರಶ್ನೆ ಏಳುತ್ತದೆ.

ಆಗಬೇಕಾದದ್ದು ದುಬಾರಿಯೇನಲ್ಲ

ಮೊದಲನೆಯದಾಗಿ, ಗೋಡೆಯುದ್ದಕ್ಕೂ ಕಬ್ಬಿಣದ ಬಳೆಗಳನ್ನು ಹೂಳಬೇಕು. ಹೊರಡುವ ಹೊತ್ತಿಗೆ ಅನುಸಾರವಾಗಿ ಸಾಲು ನಿಗದಿಪಡಿಸಿದರೆ ಒಬ್ಬರ ಗಾಡಿಯನ್ನು ಮತ್ತೊಬ್ಬರು ಸರಿಸುವ ಪ್ರಮೇಯ ತಗ್ಗುತ್ತದೆ. ಆಗ ಎಲ್ಲರೂ ಹ್ಯಾಂಡಲ್ ಲಾಕ್ ಹಾಕಬಹುದು. ಎರಡನೆಯದಾಗಿ, ಛಾವಣಿಯತ್ತ ಮುಖ ಮಾಡಿದ ನಾಲ್ಕು ಕ್ಯಾಮೆರಾಗಳಿಗಿಂತ, ಹೊರಹೋಗುವವನ ಮುಖ ಮತ್ತು ನಂಬರ್ ಪ್ಲೇಟ್ ಕಾಣುವಂತೆ ಗೇಟಿನ ಎತ್ತರದಲ್ಲಿಟ್ಟ ಒಂದು ಕ್ಯಾಮೆರಾ ಮೇಲು. ರಾತ್ರಿ ದೀಪ ಉರಿಯುತ್ತಿದೆಯೇ, ಚಿತ್ರಗಳು ದಾಖಲಾಗುತ್ತಿವೆಯೇ ಎಂದು ವಾರಕ್ಕೊಮ್ಮೆ ನೋಡುವವರು ಯಾರೆಂಬುದು ನಿಶ್ಚಯವಾಗಿರಬೇಕು. ಮೂರನೆಯದಾಗಿ, ಕಾವಲುಗಾರನ ಕೈಗೆ ನಿವಾಸಿಗಳ ವಾಹನಗಳ ಪಟ್ಟಿ ಕೊಡಬೇಕು. ಪಟ್ಟಿಯಿಲ್ಲದ ಕಾವಲುಗಾರ ಯಾರನ್ನು ಯಾವ ಆಧಾರದ ಮೇಲೆ ತಡೆದಾನು? ಖಾಸಗಿ ಭದ್ರತಾ ಸಂಸ್ಥೆಗಳಿಗೆ 2005ರ ಕಾಯ್ದೆಯಡಿ ಪರವಾನಗಿ ಕಡ್ಡಾಯ. ಅದನ್ನು ಕೇಳಿ ನೋಡುವುದು ಸಂಘದ ಕರ್ತವ್ಯ.

ಹಳೆಯ ಬೈಕು ಕೊಳ್ಳುವವರ ಪಾತ್ರವೂ ಸಣ್ಣದಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ‘ವಾಹನ್ ಸಮನ್ವಯ’ ವ್ಯವಸ್ಥೆಯಲ್ಲಿ, ಕೊಳ್ಳಲಿರುವ ವಾಹನ ಕಳವಿನದೇ ಎಂದು ಪರಿಶೀಲಿಸಬಹುದು. ಕಾಗದಪತ್ರವಿಲ್ಲದ ಅಗ್ಗದ ಬೈಕಿಗೆ ಗಿರಾಕಿಯಿಲ್ಲದಿದ್ದರೆ ಕಳ್ಳತನದ ಲಾಭವೇ ಕುಸಿಯುತ್ತದೆ.

ಕಾರು ಕಳೆದುಕೊಂಡವನಿಗೆ ವಿಮೆಯ ಬೆಂಬಲವಿರುವುದೇ ಹೆಚ್ಚು. ಹಳೆಯ ಬೈಕನ್ನು ನೆಚ್ಚಿಕೊಂಡು ಊಟ ತಲುಪಿಸುವವನಿಗೆ, ಹಾಲು ಹಾಕುವವನಿಗೆ, ಮುಂಜಾವದ ಪಾಳಿಗೆ ಕಾರ್ಖಾನೆಗೆ ಓಡುವವನಿಗೆ ಅದು ವಾಹನವಷ್ಟೇ ಅಲ್ಲ, ದಿನದ ಕೂಲಿ. ಗಾಡಿ ಹೋದರೂ ಕಂತು ನಿಲ್ಲುವುದಿಲ್ಲ. ಬೆಳಿಗ್ಗೆ ಆರೂವರೆಗೆ ಬರಿಯ ಕೀಲಿಕೈ ಹಿಡಿದು ನಿಂತವನಿಗೆ ಗೋಡೆಯ ಫಲಕವನ್ನು ತೋರಿಸುವುದು ಸುಲಭ. ಅದರ ಪಕ್ಕದಲ್ಲೊಂದು ಕಬ್ಬಿಣದ ಬಳೆ ಹೂಳಿಸುವುದು ಅದಕ್ಕಿಂತ ಕಷ್ಟದ ಕೆಲಸವೇನಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಒಂದು ವಿಷಯ ಚರ್ಚೆಗೆ ಬಂದರೂ ಸಾಕು.