ಕೈಫಾಸ್, ಸುಗ್ಗೆನ್: ಸ್ನೇಹದ ಲೆಕ್ಕಕ್ಕೆ ಸೇರದವರು

ಧ್ರುವಯಾತ್ರೆಯ ಕಥನಗಳನ್ನು ಸ್ನೇಹದ ಮಹಾಕಾವ್ಯಗಳೆಂದು ಓದುವುದು ವಾಡಿಕೆ. ಇಂಥ ಓದಿಗೆ ಮೊದಲು ಒದಗುವ ನಿದರ್ಶನ ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಮತ್ತು ಯಾಲ್ಮರ್ ಯೊಹಾನ್ಸೆನ್. 1895ರ ಮಾರ್ಚ್ 14ರಂದು ಇವರಿಬ್ಬರು ‘ಫ್ರಾಮ್’ ಹಡಗನ್ನು ಬಿಟ್ಟು, 28 ನಾಯಿಗಳೊಡನೆ ಉತ್ತರ ಧ್ರುವದತ್ತ ನಡೆದರು. 86 ಡಿಗ್ರಿ ಅಕ್ಷಾಂಶವನ್ನು ದಾಟಿ ಹಿಂದಿರುಗಿದರು. ಫ್ರಾನ್ಜ್ ಜೋಸೆಫ್ ದ್ವೀಪಸ್ತೋಮದ ಕಲ್ಲುಗುಡಿಸಲಿನಲ್ಲಿ ಚಳಿಗಾಲವನ್ನು ಒಟ್ಟಿಗೆ ಕಳೆದರು. ಅಲ್ಲಿ ‘ನೀವು’ ಅಳಿದು ‘ನೀನು’ ಬಂದ ಪ್ರಸಂಗವನ್ನು ಎಲ್ಲರೂ ಮೆಚ್ಚಿ ಉಲ್ಲೇಖಿಸುತ್ತಾರೆ. ಆ 28 ನಾಯಿಗಳು ಏನಾದುವೆಂಬ ಪ್ರಶ್ನೆ ಮಾತ್ರ ಅಡಿಟಿಪ್ಪಣಿಗೆ ಇಳಿಯುತ್ತದೆ.

ಉತ್ತರ ಗುಪ್ತವಾಗಿಲ್ಲ. ಒಂದೊಂದನ್ನೇ ಕೊಂದು ಉಳಿದವಕ್ಕೆ ಉಣಿಸಲಾಯಿತು. ತೋಟಾ ಉಳಿಸಲು ಚಾಕುವನ್ನು ಬಳಸಲಾಯಿತು. ಕೊನೆಗೆ ಉಳಿದವು ಎರಡು: ನಾನ್ಸೆನ್ನರ ಕೈಫಾಸ್, ಯೊಹಾನ್ಸೆನ್ನರ ಸುಗ್ಗೆನ್. ತನ್ನದನ್ನು ತಾನೇ ಕೊಲ್ಲಲಾರದೆ ಇಬ್ಬರೂ ನಾಯಿಗಳನ್ನು ಅದಲುಬದಲು ಮಾಡಿಕೊಂಡು, ತಲಾ ಒಂದು ತೋಟಾ ವ್ಯಯಿಸಿದರು.

ಇಂದಿನ ಪರಿಸರಪ್ರಜ್ಞೆಯಿಂದ ಅಂದಿನವರನ್ನು ಅಳೆಯಬಾರದೆಂಬ ಆಕ್ಷೇಪ ಇಲ್ಲಿ ನಿಲ್ಲದು. 1897ರಲ್ಲಿ ಪ್ರಕಟವಾದ ತಮ್ಮ ಕಥನದಲ್ಲಿ ನಾನ್ಸೆನ್ ಅದನ್ನು ಕ್ರೌರ್ಯವೆಂದೇ ಕರೆದಿದ್ದಾರೆ. ಅಳತೆಗೋಲು ಕಥನದೊಳಗೇ ಇದೆ. ಅದನ್ನು ಕಾಣದಿರುವುದು ಓದುಗರ ಆಯ್ಕೆ.

ಹಸಿದವರ ಬೇಟೆಯನ್ನು ಖಂಡಿಸುವುದು ಈ ವಾದದ ಉದ್ದೇಶವಲ್ಲ. ಚಳಿಗಾಲದಲ್ಲಿ ಅವರು ಕೊಂದ ಹಿಮಕರಡಿಗಳು, ವಾಲ್ರಸ್‌ಗಳು ಅವರ ಜೀವವನ್ನು ಉಳಿಸಿದವು. ನಾಯಿಗಳ ವಿಷಯ ಬೇರೆ. ಅವುಗಳ ಸಾವನ್ನು ಹೊರಡುವ ಮೊದಲೇ ಆಹಾರದ ಲೆಕ್ಕದಲ್ಲಿ ಸೇರಿಸಲಾಗಿತ್ತು. ಮುಂಚಿತವಾಗಿ ಯೋಜಿಸಿದ್ದನ್ನು ಆಮೇಲೆ ಅನಿವಾರ್ಯವೆನ್ನುವುದು ಸಮರ್ಥನೆಯಲ್ಲ, ಸಮಾಧಾನ. ಆ ಅದಲುಬದಲು ಕೂಡ ಅಂಥದೇ. ಅದು ಸ್ನೇಹದ ಉತ್ಕಟ ಕ್ಷಣ, ನಿಜ. ಆದರೆ ಅದು ಕೊಲ್ಲುವವರ ನೋವನ್ನು ತಗ್ಗಿಸಿತೇ ಹೊರತು ಸಾಯುವವುಗಳನ್ನು ಉಳಿಸಲಿಲ್ಲ.

ಓದಿನ ಈ ಲೋಪಕ್ಕೆ ಫಲವೂ ಇದೆ. ನಾನ್ಸೆನ್ನರ ಪಶ್ಚಾತ್ತಾಪ ಪುಟಗಳಲ್ಲೇ ಉಳಿಯಿತು. ವಿಧಾನ ಮಾತ್ರ ಮುಂದುವರಿಯಿತು. 1911ರಲ್ಲಿ ಅದೇ ‘ಫ್ರಾಮ್’ ಹಡಗಿನಲ್ಲಿ ಬಂದಿದ್ದ ಅಮುಂಡ್ಸೆನ್ 52 ನಾಯಿಗಳೊಡನೆ ದಕ್ಷಿಣ ಧ್ರುವಕ್ಕೆ ಹೊರಟು 11ನ್ನು ಮರಳಿ ತಂದರು. ದಾರಿಯಲ್ಲಿ ಒಂದೇ ತಾಣದಲ್ಲಿ 24 ನಾಯಿಗಳನ್ನು ಕೊಲ್ಲಲಾಯಿತು. ಆ ದಂಡಯಾತ್ರೆಯಲ್ಲಿ ಯೊಹಾನ್ಸೆನ್ನರೂ ಇದ್ದರು. ಮೊದಲ ವಿಫಲ ಪ್ರಯತ್ನದಲ್ಲಿ ಹಿಂದುಳಿದ ಸಂಗಾತಿಯೊಬ್ಬನನ್ನು ಶಿಬಿರಕ್ಕೆ ಮುಟ್ಟಿಸಿದ ಅವರು ನಾಯಕನನ್ನು ಎಲ್ಲರೆದುರು ಟೀಕಿಸಿದರು. ಧ್ರುವತಂಡದಿಂದ ಅವರನ್ನು ಕೈಬಿಡಲಾಯಿತು. 1913ರ ಜನವರಿಯಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಗುರಿಯೇ ಎಲ್ಲವನ್ನೂ ಅಳೆಯತೊಡಗಿದಾಗ ಕೈಬಿಡುವುದು ನಾಯಿಗಳಿಗೆ ನಿಲ್ಲುವುದಿಲ್ಲ.

ಸ್ನೇಹವನ್ನು ಒಂದು ಅಧ್ಯಾಯದಲ್ಲೂ ಪರಿಸರವನ್ನು ಇನ್ನೊಂದರಲ್ಲೂ ಇರಿಸುವ ಸಂಶೋಧನೆ ಈ ಕಥನಗಳಿಗೆ ನ್ಯಾಯ ಸಲ್ಲಿಸದು. ಹಿಮದ ಮೇಲೆ ಜಾರುಬಂಡಿ ಎಳೆದವುಗಳಿಗೂ ಹೆಸರುಗಳಿದ್ದವು. ಆ ಹೆಸರುಗಳನ್ನು ಬರೆದಿಟ್ಟವರು ಕೊಂದವರೇ. ಅಷ್ಟು ಪ್ರಾಮಾಣಿಕತೆಯಾದರೂ ಓದುಗರಲ್ಲಿರಬೇಡವೆ?