ನಡೆಯುವವರ ಊರು, ನಿಂತು ಹೋಗುವವರ ಸಂತೆ

ಊರನ್ನು ನಡೆದು ನೋಡಬೇಕೆಂಬುದು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ತೋಟದಿಂದ ಗದ್ದೆಗೆ, ಬೆಟ್ಟದಿಂದ ಹಳ್ಳಕ್ಕೆ, ಒಂದು ಮನೆಯಿಂದ ಮೈಲು ದೂರದ ಮತ್ತೊಂದು ಮನೆಗೆ ಕಾಲುದಾರಿಯೇ ಇಲ್ಲಿಯ ಹೆದ್ದಾರಿಯಾಗಿತ್ತು. ಅದೇ ನಡಿಗೆ ಈಗ ಪ್ರವಾಸೋದ್ಯಮದ ಸರಕಾಗಿದೆ. ಪ್ರಕೃತಿ ನಡಿಗೆ, ಪಾರಂಪರಿಕ ನಡಿಗೆ, ಚಾರಣ ಎಂದು ಹೆಸರುಗಳು ಹಲವು. ನಡೆದು ನೋಡುವ ಪ್ರವಾಸದಿಂದ ಪರಿಸರಕ್ಕೆ ಹಾನಿಯಿಲ್ಲ, ಊರಿನವರಿಗೆ ಲಾಭವಿದೆ ಎಂಬ ನಂಬಿಕೆಯೂ ವ್ಯಾಪಕವಾಗಿದೆ. ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಲು ಆಸ್ಟ್ರಿಯ ದೇಶದ ಹಾಲ್‌ಸ್ಟಾಟ್ ಎಂಬ ಪುಟ್ಟ ಹಳ್ಳಿಯ ಅನುಭವ ಉಪಯುಕ್ತವಾದುದು.

ಆಲ್ಪ್ಸ್ ಪರ್ವತಶ್ರೇಣಿಯ ಸಾಲ್ಜ್‌ಕಾಮರ್‌ಗುಟ್ ಸೀಮೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿರುವ ಸರೋವರವೊಂದರ ಪಶ್ಚಿಮ ದಂಡೆಯಲ್ಲಿ ಈ ಊರಿದೆ. ಹಿಂದೆ ಕಡಿದಾದ ಬೆಟ್ಟ, ಮುಂದೆ ಆಳವಾದ ನೀರು. ಇವೆರಡರ ನಡುವಣ ಕಿರಿದಾದ ಪಟ್ಟಿಯಲ್ಲಿ ಒಂದರ ಹೆಗಲ ಮೇಲೊಂದು ಕುಳಿತಂತೆ ಮನೆಗಳು. ಜನಸಂಖ್ಯೆ 800ನ್ನು ಮೀರದು. 1890ರಲ್ಲಿ ದಂಡೆಗುಂಟ ರಸ್ತೆಯಾಗುವವರೆಗೆ ದೋಣಿ ಮತ್ತು ಇಕ್ಕಟ್ಟಾದ ಕಾಲುದಾರಿಗಳೇ ಹೊರಜಗತ್ತಿನೊಡನೆ ಇದ್ದ ಸಂಪರ್ಕ. ರೈಲು ನಿಲ್ದಾಣವಿರುವುದು ಇಂದಿಗೂ ಎದುರು ದಂಡೆಯಲ್ಲಿ. ಅಲ್ಲಿಳಿದವರು ದೋಣಿಯಲ್ಲಿ ಸರೋವರ ದಾಟಿ ಊರು ಸೇರುತ್ತಾರೆ.

ಇಂತಹ ಊರಿನಲ್ಲಿ ನಿಧಾನವಾಗಿ ನಡೆಯುವವನ ಕಣ್ಣಿಗೆ ಮೊದಲು ಬೀಳುವುದು ಮನೆಯ ಗೋಡೆಗಳಿಗೆ ಚಪ್ಪಟೆಯಾಗಿ ಒರಗಿಸಿ ಬೆಳೆಸಿದ ಹಣ್ಣಿನ ಮರಗಳು. ತೋಟಕ್ಕೆ ನೆಲವಿಲ್ಲದ ಕಾರಣ ಮರವನ್ನೇ ಗೋಡೆಯ ಮೇಲೆ ಹಬ್ಬಿಸಿದ್ದಾರೆ. ಹಗಲು ಬಿಸಿಲುಂಡ ಗೋಡೆ ರಾತ್ರಿ ಆ ಶಾಖವನ್ನು ಬಿಟ್ಟುಕೊಡುವುದರಿಂದ ಚಳಿನಾಡಿನಲ್ಲಿ ಹಣ್ಣು ಮಾಗುವುದಕ್ಕೂ ಅನುಕೂಲ. ಇನ್ನಷ್ಟು ಮೆಟ್ಟಿಲು ಹತ್ತಿದರೆ ಚರ್ಚು, ಅದರ ಪಕ್ಕದಲ್ಲಿ ಅಂಗೈಯಗಲದ ಸ್ಮಶಾನ. ಹೂಳುವುದಕ್ಕೂ ನೆಲ ಸಾಲದೆ, ಕೆಲವು ವರ್ಷಗಳ ಬಳಿಕ ಅಸ್ಥಿಗಳನ್ನು ಹೊರತೆಗೆದು, ತಲೆಬುರುಡೆಗಳಿಗೆ ಹೂಬಳ್ಳಿಯ ಚಿತ್ತಾರ ಬರೆದು, ಮೃತರ ಹೆಸರು ನಮೂದಿಸಿ ಒಂದು ಕೋಣೆಯಲ್ಲಿ ಜೋಡಿಸಿಡುವ ಪದ್ಧತಿ ಬೆಳೆಯಿತು. ಅಲ್ಲಿರುವ ಸುಮಾರು 1,200 ಬುರುಡೆಗಳಲ್ಲಿ 600ಕ್ಕೂ ಹೆಚ್ಚು ಬಣ್ಣ ಬರೆದಂಥವು. ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಸತ್ತವರಿಗೂ ನೆಲವನ್ನು ಅಳೆದು ಹಂಚಿದ ಜನ ತಮ್ಮ ಊರು ಎಷ್ಟನ್ನು ತಾಳಬಲ್ಲುದೆಂಬುದನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಊರಿನ ಮೇಲಣ ಕಣಿವೆಯಲ್ಲಿರುವುದು ಉಪ್ಪಿನ ಗಣಿ. ಇಲ್ಲಿ ಉಪ್ಪು ತೆಗೆಯುವ ಕಾಯಕಕ್ಕೆ ಸಹಸ್ರಾರು ವರ್ಷಗಳ ಇತಿಹಾಸವಿದೆ; ಕ್ರಿ.ಪೂ. 14ನೆಯ ಶತಮಾನದ ಮರದ ಮೆಟ್ಟಿಲುಗಳು ಉಪ್ಪಿನ ನಡುವೆ ಕೆಡದೆ ಉಳಿದು ದೊರೆತಿವೆ. 1846ರಿಂದ ಇಲ್ಲಿ ನಡೆದ ಉತ್ಖನನದಲ್ಲಿ ಬೆಳಕಿಗೆ ಬಂದ ಸಮಾಧಿಗಳ ದೆಸೆಯಿಂದ ಯೂರೋಪಿನ ಆರಂಭಿಕ ಕಬ್ಬಿಣಯುಗದ ಸಂಸ್ಕೃತಿಗೆ ಈ ಊರಿನ ಹೆಸರೇ ನಿಂತಿತು. ಉಪ್ಪುನೀರನ್ನು ಕಾಯಿಸಿ ಉಪ್ಪು ಮಾಡಲು ಅಪಾರ ಸೌದೆ ಬೇಕು. ಸುತ್ತಲಿನ ಕಾಡು ಆ ಬೇಡಿಕೆಯನ್ನು ಪೂರೈಸಲಾರದಾದಾಗ ಜನ ಕಂಡುಕೊಂಡ ದಾರಿ ಗಮನಾರ್ಹವಾದುದು. ದೂರದ ಕಾಡನ್ನು ಕಡಿದು ಸೌದೆಯನ್ನು ಊರಿಗೆ ತರುವುದಕ್ಕೆ ಬದಲಾಗಿ ಉಪ್ಪುನೀರನ್ನೇ ಸೌದೆಯಿರುವ ಎಬೆನ್‌ಸೀ ಎಂಬಲ್ಲಿಗೆ ಹರಿಸಿದರು. 1595ರಿಂದ 1607ರವರೆಗೆ ನಡೆದ ಈ ಕಾಮಗಾರಿಯಲ್ಲಿ ಸುಮಾರು 13,000 ಮರದ ದಿಮ್ಮಿಗಳನ್ನು ಕೊರೆದು 40 ಕಿಲೋಮೀಟರ್ ಉದ್ದದ ಕೊಳವೆ ಸಾಲನ್ನು ಹೂಡಲಾಯಿತು. ಆ ಕೊಳವೆಯ ಜಾಡಿನಲ್ಲಿಯೇ ಇಂದು ನಡಿಗೆಯ ದಾರಿಯಿದೆ. ಕಾಡು ಮುಗಿಯತೊಡಗಿದಾಗ ಒಂದು ಉದ್ಯಮ ತನ್ನ ನೆಲೆಯನ್ನೇ ಸರಿಸಬೇಕಾಯಿತೆಂಬ ಪಾಠವನ್ನು ಆ ದಾರಿ ಹೇಳುತ್ತದೆ. ಅದನ್ನು ಕೇಳಿಸಿಕೊಳ್ಳಲು ಕನಿಷ್ಠ ಅರ್ಧ ದಿನ ನಡೆಯಬೇಕು.

1997ರಲ್ಲಿ ಈ ಸೀಮೆ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮುಂದೆ ಸಿನಿಮಾ, ಧಾರಾವಾಹಿ, ಮೊಬೈಲ್ ಛಾಯಾಚಿತ್ರಗಳಿಂದ ಊರಿನ ರೂಪ ಜಗತ್ತಿನೆಲ್ಲೆಡೆ ಹರಡಿತು. 2012ರಲ್ಲಿ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಈ ಊರಿನ ಪ್ರತಿಕೃತಿಯನ್ನೇ ನಿರ್ಮಿಸಲಾಯಿತು. ಪರಿಣಾಮವಾಗಿ, 800 ಜನರಿಲ್ಲದ ಹಳ್ಳಿಗೆ ಋತುಮಾನದಲ್ಲಿ ದಿನಕ್ಕೆ 10,000 ಮಂದಿಯವರೆಗೆ ಬರತೊಡಗಿದರು. ಬಂದವರಲ್ಲಿ ಬಹುಪಾಲು ಜನ ಬಸ್ಸಿನಿಂದಿಳಿದು, ಒಂದೇ ಜಾಗದಲ್ಲಿ ನಿಂತು ಚಿತ್ರ ತೆಗೆದು, ಗಂಟೆಯೆರಡು ಗಂಟೆಗಳಲ್ಲಿ ಮರಳುವವರು. 2023ರ ಮೇ ತಿಂಗಳಲ್ಲಿ ಆ ಪ್ರಸಿದ್ಧ ನೋಟವನ್ನು ಮರೆಮಾಡುವ ಮರದ ತಡೆಗೋಡೆಯನ್ನೇ ಊರಿನಲ್ಲಿ ನಿಲ್ಲಿಸಲಾಯಿತು. ಟೀಕೆ ಬಂದ ಮೇಲೆ ತೆಗೆಯಲಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ನಿವಾಸಿಗಳು ಊರಿಗೆ ಬರುವ ಸುರಂಗರಸ್ತೆಯನ್ನು ಸ್ವಲ್ಪ ಹೊತ್ತು ತಡೆದು, ಪ್ರವಾಸಿಗರ ಸಂಖ್ಯೆಗೆ ದಿನದ ಮಿತಿ ಬೇಕು, ಸಂಜೆ 5ರ ನಂತರ ಪ್ರವಾಸಿ ಬಸ್ಸು ಬೇಡ ಎಂದು ಪ್ರತಿಭಟಿಸಿದರು. ತಮ್ಮೂರಿನ ಚೆಲುವನ್ನು ತಾವೇ ಮರೆಮಾಡಬೇಕಾದ ಸ್ಥಿತಿ ಯಾವ ಹಳ್ಳಿಗೂ ಬರಬಾರದು.

ಹಾಗೆಂದು ಪ್ರವಾಸೋದ್ಯಮವೇ ಬೇಡವೆನ್ನುವುದು ಸುಲಭದ ಮಾತಾದೀತು. ಅಲ್ಲಿಯ ಅಂಗಡಿ, ಊಟದ ಮನೆ, ದೋಣಿ, ತಂಗುದಾಣಗಳು ಅನೇಕ ಕುಟುಂಬಗಳಿಗೆ ಅನ್ನ ನೀಡುತ್ತಿವೆ. ಯುವಕರು ಊರು ಬಿಡದಿರಲು ಅದೂ ಒಂದು ಆಸರೆ. ಇಂತಹ ಊರುಗಳಲ್ಲಿ ಇತ್ಯರ್ಥವಾಗಬೇಕಾದುದು ಎಷ್ಟು ಮಂದಿ ಬರಬೇಕು, ಎಷ್ಟು ಹೊತ್ತು ಇರಬೇಕು, ಅದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆ. 2020ರಲ್ಲಿ ಹಾಲ್‌ಸ್ಟಾಟ್ ಪ್ರವಾಸಿ ಬಸ್ಸುಗಳಿಗೆ ಮುಂಗಡ ನೋಂದಣಿಯ ವ್ಯವಸ್ಥೆ ತಂದಿತು. ನಿಗದಿತ ವೇಳೆಯ ಅನುಮತಿಯಿಲ್ಲದ ಬಸ್ಸಿಗೆ ಪ್ರವೇಶವಿಲ್ಲ; ಬಂದ ತಂಡ ಎರಡು ಗಂಟೆಗೂ ಹೆಚ್ಚು ಕಾಲ ಅಲ್ಲಿರಬೇಕು. ನಿಯಮದ ಎರಡನೆಯ ಭಾಗದಲ್ಲಿ ವಿವೇಕವಿದೆ. ಹೆಚ್ಚು ಹೊತ್ತು ಉಳಿಯುವವನು ನಡೆಯುತ್ತಾನೆ, ಕುಳಿತು ಉಣ್ಣುತ್ತಾನೆ, ಊರಿನವರೊಡನೆ ನಾಲ್ಕು ಮಾತಾಡುತ್ತಾನೆ. ಮುಂದಿನ ವರ್ಷಗಳ ಪ್ರತಿಭಟನೆ ತೋರಿಸುವಂತೆ ಈ ಕ್ರಮವೊಂದರಿಂದಲೇ ಸಮಸ್ಯೆ ಬಗೆಹರಿಯಲಿಲ್ಲ. ಮಿತಿಯನ್ನು ಕೇವಲ ಬಸ್ಸಿಗೆ ಹಾಕಿದರೆ ಜನ ಕಾರಿನಲ್ಲಿ ಬಂದಾರು. ಜೊತೆಗೆ, ಜನದಟ್ಟಣೆ ಬೆಳೆದು ನಿಂತ ಮೇಲೆ ಮಿತಿ ಹಾಕುವುದು, ಮೊದಲೇ ಹಾಕಿಕೊಳ್ಳುವುದಕ್ಕಿಂತ ಬಹಳ ಕಷ್ಟದ ಕೆಲಸ.

ಪಶ್ಚಿಮ ಘಟ್ಟದ ಊರುಗಳಿಗೆ ಇದರಲ್ಲಿ ನೇರವಾದ ಪಾಠವಿದೆ. 2012ರಲ್ಲಿ ಘಟ್ಟದ 39 ತಾಣಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳಲ್ಲಿ ಹತ್ತು ಕರ್ನಾಟಕದವು. ಆ ಹತ್ತರಲ್ಲಿ ಒಂದಾದ ಪುಷ್ಪಗಿರಿ ವನ್ಯಧಾಮದ ಕುಮಾರಪರ್ವತದ ದಾರಿಯಲ್ಲಿ 2024ರ ಜನವರಿಯ ರಜಾದಿನಗಳಲ್ಲಿ ಜಾತ್ರೆಯಂತೆ ಜನ ನೆರೆದರು. ಆ ಬಳಿಕವೇ ಸರ್ಕಾರ ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ತಾಣಗಳಲ್ಲಿ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿದ್ದು. ಹಾಲ್‌ಸ್ಟಾಟ್‌ನಲ್ಲಿ ಆದಂತೆ ಇಲ್ಲಿಯೂ ದಟ್ಟಣೆ ಮೊದಲು ಬಂತು, ನಿಯಮ ಅನಂತರ ಬಂತು.

ನಡಿಗೆಯಿಂದ ಹಾನಿಯಿಲ್ಲವೆಂಬ ನಂಬಿಕೆಯನ್ನು ಮಣ್ಣು ಒಪ್ಪುವುದಿಲ್ಲ. ಬೆಟ್ಟದ ನೆತ್ತಿಯ ಹುಲ್ಲುಗಾವಲಿನಲ್ಲಿ ಫಲವತ್ತಾದ ಮೇಲ್ಮಣ್ಣಿನ ಪದರ ತೀರ ತೆಳು. ಸಾವಿರಾರು ಪಾದಗಳು ಒಂದೇ ಜಾಡಿನಲ್ಲಿ ತುಳಿದಾಗ ಮಣ್ಣಿನ ಕಣಗಳ ನಡುವಣ ರಂಧ್ರಗಳು ಮುಚ್ಚಿ ನೆಲ ಗಟ್ಟಿಯಾಗುತ್ತದೆ; ಹುಲ್ಲಿನ ಬೇರು ಸಾಯುತ್ತದೆ; ಇಂಗಬೇಕಾದ ಮಳೆನೀರು ಕಾಲುದಾರಿಯಲ್ಲಿಯೇ ಹರಿಯತೊಡಗುತ್ತದೆ. ಮುಂಗಾರಿನಲ್ಲಿ ಆ ದಾರಿ ಕೊರಕಲಾಗುತ್ತದೆ. ಕೊರಕಲನ್ನು ತಪ್ಪಿಸಲು ಜನ ಪಕ್ಕದಲ್ಲಿ ನಡೆಯುತ್ತಾರೆ, ಜಾಡು ಎರಡಾಗುತ್ತದೆ, ನಾಲ್ಕಾಗುತ್ತದೆ. ಕೊಚ್ಚಿಹೋದ ಮಣ್ಣು ಕೆಳಗಿನ ಹಳ್ಳ ಸೇರುತ್ತದೆ. ನೆತ್ತಿಯಲ್ಲಿ ಇಂಗದೆ ಹೋದ ನೀರಿನ ಕೊರತೆ ಬೇಸಗೆಯಲ್ಲಿ ಕೆಳಗಿನ ಒರತೆಯಲ್ಲಿ ಕಾಣುತ್ತದೆ. ಆ ನಷ್ಟವನ್ನು ಅನುಭವಿಸುವವರು ಹಳ್ಳದ ನೀರನ್ನು ನಂಬಿದ ಕೃಷಿಕರೇ ಹೊರತು ಚಾರಣಿಗರಲ್ಲ.

ಆದ್ದರಿಂದ ನಡಿಗೆಯ ಪ್ರವಾಸಕ್ಕೆ ತೆರೆದುಕೊಳ್ಳುವ ಪ್ರತಿ ಊರೂ ಜನ ಬರುವ ಮುನ್ನವೇ ಕೆಲವು ತೀರ್ಮಾನಗಳನ್ನು ಕೈಗೊಳ್ಳುವುದು ಒಳಿತು. ದಿನಕ್ಕೆ ಎಷ್ಟು ಮಂದಿ, ಯಾವ ದಾರಿ, ಮಳೆಗಾಲದಲ್ಲಿ ಯಾವ ದಾರಿಗೆ ವಿರಾಮ, ಕಸ ಮತ್ತು ಶೌಚದ ವ್ಯವಸ್ಥೆ ಏನು, ದಾರಿ ತೋರುವವರು ಯಾರು, ಸಂಗ್ರಹವಾದ ಹಣದಲ್ಲಿ ದಾರಿಯ ದುರಸ್ತಿಗೆ ಎಷ್ಟು ಪಾಲು ಎಂಬುದೆಲ್ಲ ಗ್ರಾಮಸಭೆಯಲ್ಲಿ ಚರ್ಚೆಯಾಗಬೇಕು. 2002ರ ಜೀವವೈವಿಧ್ಯ ಕಾಯಿದೆಯ ಅನ್ವಯ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ರಚಿತವಾಗುವ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಇಂತಹ ಚರ್ಚೆಗೆ ವೇದಿಕೆಯಾಗಬಲ್ಲವು. ಊರಿನ ಗಿಡಮರ, ಒರತೆ, ದೇವರಕಾಡುಗಳ ದಾಖಲಾತಿ ಕೈಯಲ್ಲಿದ್ದರೆ ಯಾವ ಜಾಡು ತಾಳುತ್ತದೆ, ಯಾವುದು ತಾಳದು ಎಂದು ಹೇಳಲು ಆಧಾರ ಸಿಗುತ್ತದೆ.

ಈ ಕೆಲಸದಲ್ಲಿ ವಿದ್ಯಾರ್ಥಿಗಳ ಪಾಲು ದೊಡ್ಡದು. ಒಂದು ಹಗ್ಗ, ಒಂದು ಅಳತೆಕೋಲು, ಒಂದು ನೋಟ್‌ಬುಕ್ ಇದ್ದರೆ ಮುಂಗಾರಿಗೆ ಮುನ್ನ ಮತ್ತು ಅನಂತರ ಕಾಲುದಾರಿಯ ಅಗಲ, ಕೊರಕಲಿನ ಆಳಗಳನ್ನು ಅಳೆದು ದಾಖಲಿಸಬಹುದು. ಮೂರು ವರ್ಷ ಹೀಗೆ ಅಳೆದರೆ ಗ್ರಾಮಸಭೆಯ ಮುಂದೆ ಊಹೆಯ ಬದಲು ಲೆಕ್ಕವನ್ನಿಡಬಹುದು. ಊರಿನ ಹಿರಿಯರೊಡನೆ ನಡೆದು ಪ್ರತಿ ತಿರುವಿನ ಹೆಸರು, ಪ್ರತಿ ಒರತೆಯ ಕತೆಯನ್ನು ಬರೆದಿಡಬಹುದು. ನಾಳೆ ಬರುವ ಅತಿಥಿಗೆ ತೋರಿಸಬೇಕಾದುದೂ ಅದನ್ನೇ.

ಹಾಲ್‌ಸ್ಟಾಟ್‌ನ ಹಿರಿಯರು ಸೌದೆಯನ್ನು ಅಳೆದರು, ಹಣ್ಣಿನ ಮರಕ್ಕೆ ಗೋಡೆಯನ್ನು ಅಳೆದರು, ಸಮಾಧಿಗೆ ನೆಲವನ್ನು ಅಳೆದರು. ಅತಿಥಿಗಳನ್ನು ಎಣಿಸುವ ಹೊತ್ತಿಗೆ ಮಾತ್ರ ತಡವಾಗಿತ್ತು. ಮಲೆನಾಡಿನ ಹಲವು ಊರುಗಳಿಗೆ ಆ ಹೊತ್ತು ಇನ್ನೂ ಮೀರಿಲ್ಲ. ಬರುವ ಮಳೆಗಾಲಕ್ಕೆ ಮೊದಲು ಸೇರುವ ಗ್ರಾಮಸಭೆಗಳಲ್ಲಿ ಈ ಲೆಕ್ಕ ಆರಂಭವಾಗಲಿ.