ಹಡಗಿಗೆ ಚಪ್ಪಾಳೆ, ಮ್ಯಾನ್‌ಹೋಲಿಗೆ ಹಗ್ಗ

ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಗೌರಿ ಹಬ್ಬದ ದಿನ, 2025ರ ಆಗಸ್ಟ್ 26ರಂದು, ವಿಶಾಖಪಟ್ಟಣದಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಎರಡು ಯುದ್ಧನೌಕೆಗಳನ್ನು ಒಟ್ಟಿಗೇ ನೌಕಾಪಡೆಗೆ ಸೇರಿಸಿದರು. ಒಂದು ಐಎನ್‌ಎಸ್ ಉದಯಗಿರಿ, ಮುಂಬೈನ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ್ದು. ಇನ್ನೊಂದು ಐಎನ್‌ಎಸ್ ಹಿಮಗಿರಿ, ಕೋಲ್ಕತ್ತಾದ ಗಾರ್ಡನ್ ರೀಚ್‌ನಲ್ಲಿ ಕಟ್ಟಿದ್ದು. ಎರಡೂ ಸ್ಟೆಲ್ತ್ ಹಡಗುಗಳು, ಅಂದರೆ ಶತ್ರುವಿನ ರೇಡಾರಿಗೆ ಸುಲಭಕ್ಕೆ ಸಿಗದಂಥವು. ಆವತ್ತಿನಿಂದ ನನ್ನ ಫೋನಿಗೆ ಗಣಪತಿ ಫೋಟೋಗಿಂತ ಹಡಗಿನ ವಿಡಿಯೋಗಳೇ ಜಾಸ್ತಿ ಬಂದಿವೆ.

ಹಡಗಿನ ಬಗ್ಗೆ ನನಗೆ ತಕರಾರಿಲ್ಲ. ಜನ ಆಡಿದ ಮಾತುಗಳ ಬಗ್ಗೆ ಇದೆ.

ನಮ್ಮ ಕಚೇರಿ ಗ್ರೂಪಿನಲ್ಲಿ ಒಬ್ಬರು ಬರೆದರು: "ಇದು ಮೆರಿಟ್ ಕಟ್ಟಿದ ಹಡಗು. ಕೋಟಾದೋರು ಕಟ್ಟಿದ್ರೆ ನೀರಿಗೆ ಇಳಿಸ್ತಿದ್ದಂಗೇ ಮುಳುಗೋದು." ಅದಕ್ಕೆ ಹನ್ನೊಂದು ಹೆಬ್ಬೆಟ್ಟು. ಒತ್ತಿದವರಲ್ಲಿ ಇಬ್ಬರು ದಿನಾ ಮಧ್ಯಾಹ್ನ ನನ್ನ ಪಕ್ಕ ಕೂತು ಊಟ ಮಾಡೋರು. ಅದೇ ಸಂಜೆ ನಮ್ಮದೇ ಹೋರಾಟದ ಗ್ರೂಪಿನಲ್ಲಿ ಒಬ್ಬ ಹುಡುಗ ಬರೆದ: "ಅವರ ಹಡಗು, ಅವರ ದೇಶ. ಈ ದುಡ್ಡಲ್ಲಿ ಎಷ್ಟು ಹಾಸ್ಟೆಲ್ ಕಟ್ಬೋದಿತ್ತು? ನಮಗೇನು ಬಂತು?" ಅದಕ್ಕೆ ನಲವತ್ತು ಹೃದಯ. ನನಗೆ ಎರಡನ್ನೂ ಓದಿ ಸಿಟ್ಟು ಬಂತು. ಹೇಳಬೇಕಂದರೆ ಎರಡನೆಯದಕ್ಕೇ ಜಾಸ್ತಿ, ಯಾಕಂದ್ರೆ ಅದು ನಮ್ಮ ಮನೆಯದು.

ಮೊದಲು ಮೆರಿಟ್ ಸ್ವಾಮಿಗಳ ವಿಚಾರ. ಮಜಗಾಂವ್ ಡಾಕ್ ಯಾರದು? ಕೇಂದ್ರ ಸರ್ಕಾರದ ಉದ್ದಿಮೆ. ಗಾರ್ಡನ್ ರೀಚ್? ಅದೂ ಅಷ್ಟೇ. ಹಡಗಿನ ಮೈಯ ಉಕ್ಕು ಸೈಲ್‌ನದ್ದು, ಅದೂ ಸಾರ್ವಜನಿಕ ಉದ್ದಿಮೆ. ಈ ಸಾಲಿನ ಏಳು ಹಡಗುಗಳಿಗೂ ದೂರಗಾಮಿ ಕ್ಷಿಪಣಿ ವ್ಯವಸ್ಥೆ ಕೂರಿಸುವ ಗುತ್ತಿಗೆ ಹೋಗಿದ್ದು ನಮ್ಮ ಬೆಂಗಳೂರಿನ ಬಿಇಎಲ್‌ಗೆ, ಅದೂ ಸಾರ್ವಜನಿಕ ಉದ್ದಿಮೆಯೇ. ಇಲ್ಲೆಲ್ಲ ಅಖಿಲ ಭಾರತ ಮಟ್ಟದ ನೇಮಕಾತಿಯಲ್ಲಿ ಪರಿಶಿಷ್ಟ ಜಾತಿಗೆ ನೂರಕ್ಕೆ 15, ಪರಿಶಿಷ್ಟ ಪಂಗಡಕ್ಕೆ ಏಳೂವರೆ, ಹಿಂದುಳಿದವರಿಗೆ 27 ಮೀಸಲು ಇದೆ. ಅಂದಮೇಲೆ ನಕ್ಷೆ ಬರೆದ ಮೇಜಿನಿಂದ ವೆಲ್ಡಿಂಗ್ ಮಾಡಿದ ಕೈವರೆಗೆ ಆ 6,700 ಟನ್ ಹಡಗಿನೊಳಗೆ ನೀವು ಹೇಳೋ 'ಕೋಟಾದೋರು' ಇದ್ದೇ ಇದ್ದಾರೆ. ಮುಳುಗಿತಾ? 2010ರಲ್ಲಿ ಸೇರಿದ ಶಿವಾಲಿಕ್ ಮುಳುಗಿತಾ? (ಅಂದಹಾಗೆ, ನಮ್ಮ ಮೊದಲ ಸ್ವದೇಶಿ ಸ್ಟೆಲ್ತ್ ಫ್ರಿಗೇಟ್ ಅದೇ. ಇದೇ ಮೊದಲನೆಯದು ಅಂತ ಕುಣಿಯೋರು ಸ್ವಲ್ಪ ಓದ್ಕೊಳಿ.)

ಮೀಸಲಾತಿ ಹಡಗನ್ನು ಮುಳುಗಿಸಲಿಲ್ಲ. ಆದರೆ ಮೀಸಲಾತಿಯನ್ನು ಮುಳುಗಿಸುವ ಕೆಲಸ ಹಡಗು ಕಟ್ಟೆಗಳಲ್ಲಿ ಸದ್ದಿಲ್ಲದೆ ನಡೀತಿದೆ. ಅದರ ಹೆಸರು ಗುತ್ತಿಗೆ.

ನನ್ನ ಅಕ್ಕನ ಮಗ ಐಟಿಐ ಮಾಡಿದವನು, ಪಶ್ಚಿಮ ಕರಾವಳಿಯ ಒಂದು ಹಡಗು ಕಟ್ಟೆಯಲ್ಲಿ ಗುತ್ತಿಗೆ ವೆಲ್ಡರ್. ಕಾಯಂ ಹುದ್ದೆಗೆ ಮೀಸಲಾತಿ ಉಂಟು, ಗುತ್ತಿಗೆದಾರನ ಮಸ್ಟರ್ ರೋಲಿಗೆ ಇಲ್ಲ. ಅವನು ಕೆಲಸ ಮಾಡಿದ ಹಡಗನ್ನು ನೀರಿಗಿಳಿಸುವ ದಿನ, ಗಣ್ಯರು ಬರ್ತಾರೆ ಅಂತ, ಗುತ್ತಿಗೆಯವರಿಗೆ ಗೇಟ್ ಪಾಸ್ ಇರಲಿಲ್ಲ. "ಮಾವ, ನಾನು ಬೆಸೆದ ಹಡಗನ್ನ ನಾನು ಟಿವಿಲಿ ನೋಡ್ದೆ" ಅಂದ. ಆ ದಿನದ ಕೂಲಿಯೂ ಇಲ್ಲ. ಚಪ್ಪಾಳೆ ಹೊಡೆದವರಿಗೆ ಇವನು ಕಾಣೋದಿಲ್ಲ.

ಈಗ ನಮ್ಮ ಹುಡುಗನ ಮಾತಿಗೆ ಬರ್ತೀನಿ. ಅವನ ಹೊಟ್ಟೆಯೊಳಗಿನ ಉರಿ ನನಗೆ ಗೊತ್ತು. ಲೆಕ್ಕ ಮಾತ್ರ ತಪ್ಪು.

ಈ ಏಳು ಹಡಗುಗಳ ಯೋಜನೆಗೆ ಸುಮಾರು 45,000 ಕೋಟಿ. ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಕಾರ್ಮಿಕರಿಗೆ ಅಂತ ಕೇಂದ್ರ ತಂದ 'ನಮಸ್ತೆ' ಯೋಜನೆಗೆ ಮೂರು ವರ್ಷಕ್ಕೆ ಸುಮಾರು 350 ಕೋಟಿ. ಈ ಎರಡು ಅಂಕಿ ಅಕ್ಕಪಕ್ಕ ಇಟ್ಟು ಪೋಸ್ಟರ್ ಮಾಡೋದು ಸುಲಭ. ಆದರೆ ಯೋಚನೆ ಮಾಡಿ, ನಾಳೆ ಏಳೂ ಹಡಗು ರದ್ದಾದರೆ ಆ ದುಡ್ಡು ನಮ್ಮ ಕೇರಿಗೆ ಬರುತ್ತಾ? ನಮ್ಮ ಹೆಸರಲ್ಲೇ ಕಾನೂನು ಮಾಡಿ ಎತ್ತಿಟ್ಟ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣದಲ್ಲಿ 2024-25ರಲ್ಲಿ 14,000 ಕೋಟಿಗೂ ಹೆಚ್ಚು ಗ್ಯಾರಂಟಿಗಳಿಗೆ ಹೋಯಿತು. ಹೊತ್ತುಕೊಂಡು ಹೋಗಿದ್ದು ಹಡಗಲ್ಲ, ನಾವೇ ಓಟು ಹಾಕಿದ ಸರ್ಕಾರ. ಅಷ್ಟಕ್ಕೂ ಮ್ಯಾನ್‌ಹೋಲಿಗೆ ಬೇಕಾದ ಯಂತ್ರ ಈ ದೇಶಕ್ಕೆ ದುಬಾರಿಯೇ ಅಲ್ಲ. ದುಡ್ಡಿಲ್ಲದೆ ನಿಂತ ಕೆಲಸ ಅದಲ್ಲ.

'ಅವರ ದೇಶ' ಅನ್ನೋ ಮಾತನ್ನು ಬಾಬಾಸಾಹೇಬರ ಫೋಟೋ ಡಿಪಿ ಇಟ್ಕೊಂಡು ಆಡಬೇಡಿ. ಅವರ ತಂದೆ ಸುಬೇದಾರ್. ಮಹಾರರಿಗೆ ಮುಚ್ಚಿದ್ದ ಸೈನ್ಯದ ಬಾಗಿಲು ತೆಗೆಸೋಕೆ ಅವರು ಹಟ ಹಿಡಿದರು, 1941ರಲ್ಲಿ ಮಹಾರ್ ರೆಜಿಮೆಂಟ್ ಆಯಿತು. ಅದೇ ಬಾಬಾಸಾಹೇಬರು 1951ರ ಅಕ್ಟೋಬರಿನಲ್ಲಿ ಮಂತ್ರಿಗಿರಿ ಬಿಟ್ಟಾಗ ಕೊಟ್ಟ ಹೇಳಿಕೆಯಲ್ಲಿ, ವರ್ಷಕ್ಕೆ 350 ಕೋಟಿ ಆದಾಯದಲ್ಲಿ 180 ಕೋಟಿ ಸೈನ್ಯಕ್ಕೇ ಸುರೀತಿದೀವಲ್ಲ, ಇದಕ್ಕೆ ನಮ್ಮ ವಿದೇಶಾಂಗ ನೀತಿಯೇ ಕಾರಣ ಅಂತ ನೆಹರೂ ಸರ್ಕಾರವನ್ನು ತರಾಟೆಗೆ ತಗೊಂಡರು. ಅಂದರೆ ಸೈನ್ಯದೊಳಗೆ ನಮ್ಮ ಪಾಲನ್ನೂ ಕೇಳಿದರು, ಸೈನ್ಯದ ಖರ್ಚನ್ನೂ ಕೇಳಿದರು. ಇವತ್ತು ರಕ್ಷಣಾ ಖರ್ಚಿನ ಬಗ್ಗೆ ಬಾಯಿ ತೆಗೆದರೆ ದೇಶದ್ರೋಹಿ ಅನ್ನೋರಿಗೆ ಈ ಎರಡನ್ನೂ ಒಟ್ಟಿಗೇ ತೋರಿಸಿ.

ನನ್ನ ಅಸಲಿ ಮಾತು ಇನ್ನು ಮುಂದೆ ಇದೆ.

ಅಕ್ಕನ ಮಗನನ್ನ ಒಂದು ಸಲ ಕೇಳಿದ್ದೆ, ಕೆಲಸದಲ್ಲಿ ಯಾವುದಕ್ಕೆ ಭಯ ಅಂತ. "ಟ್ಯಾಂಕು" ಅಂದ. ಹಡಗಿನ ಹೊಟ್ಟೆಯೊಳಗೆ ಎಣ್ಣೆಗೆ, ಕುಡಿಯುವ ನೀರಿಗೆ, ಕೊಳಚೆಗೆ ಅಂತ ಹತ್ತಾರು ಟ್ಯಾಂಕ್ ಇರುತ್ತವೆ. ಮುಚ್ಚಿಟ್ಟ ಟ್ಯಾಂಕಿನೊಳಗೆ ಉಕ್ಕು ತುಕ್ಕು ಹಿಡಿದರೂ ಸಾಕು, ಆಮ್ಲಜನಕ ಇಳಿದುಬಿಡುತ್ತೆ. ಪೇಂಟಿನ ಆವಿ ಬೇರೆ. ಅದಕ್ಕೇ ಅಲ್ಲಿ ನಿಯಮ ಇದೆ. ಮೊದಲು ಬ್ಲೋವರ್ ಇಟ್ಟು ಗಾಳಿ ಹೊಡೀಬೇಕು. ಆಮೇಲೆ ಮೀಟರ್ ಇಳಿಸಿ ನೋಡಬೇಕು. ನಾವು ಉಸಿರಾಡೋ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ, 19.5ಕ್ಕಿಂತ ಕಮ್ಮಿ ತೋರಿಸಿದರೆ ಯಾರೂ ಇಳಿಯೋ ಹಾಗಿಲ್ಲ. ಸೇಫ್ಟಿಯವರು ಪರ್ಮಿಟ್ ಚೀಟಿಗೆ ಸಹಿ ಹಾಕಬೇಕು. ಟ್ಯಾಂಕಿನ ಬಾಯಲ್ಲಿ ಒಬ್ಬ ಕಾವಲು ನಿಲ್ಲಬೇಕು, ಅವನು ಟೀ ಕುಡಿಯೋಕೂ ಹೋಗಂಗಿಲ್ಲ. ಇವನು ಗುತ್ತಿಗೆಯವನೇ ಆದರೂ ಆ ಚೀಟಿ ಇಲ್ಲದೆ ಇಳಿಸಲ್ಲ ಅಂದ. ಯಾಕಂದ್ರೆ ಒಳಗೆ ಒಬ್ಬ ಸತ್ತರೆ ಹಡಗಿನ ಕೆಲಸ ನಿಲ್ಲುತ್ತೆ.

ಈಗ ನಿಮ್ಮ ಬೀದಿಯ ಮ್ಯಾನ್‌ಹೋಲ್ ನೋಡಿ. ಅದೂ ಮುಚ್ಚಿಟ್ಟ ಟ್ಯಾಂಕೇ. ಒಳಗೆ ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆ ವಾಸನೆಯ ಗ್ಯಾಸು. ಜಾಸ್ತಿಯಾದರೆ ಅದು ಮೊದಲು ಮೂಗನ್ನೇ ಸಾಯಿಸುತ್ತೆ, ವಾಸನೆ ಹೋಯ್ತು ಅಂದ್ಕೊಂಡು ಇಳಿದವನು ನಾಲ್ಕು ಉಸಿರಿಗೆ ಬೀಳ್ತಾನೆ. ಅವನನ್ನು ಎತ್ತೋಕೆ ಇಳಿದ ತಮ್ಮನೋ ಭಾವಮೈದುನನೋ ಅವನ ಮೇಲೇ ಬೀಳ್ತಾನೆ. ಗ್ಯಾಸ್ ಮಾನಿಟರ್, ಉಸಿರಿನ ಮಾಸ್ಕ್, ಮೈಗೆ ಕಟ್ಟುವ ಹಾರ್ನೆಸ್ ಎಲ್ಲಾ 2013ರ ಕಾಯ್ದೆಯ ನಿಯಮಗಳಲ್ಲಿ ಬರೆದಿದೆ. ಕಾಗದದ ಮೇಲೆ ಹಡಗಿಗೂ ಮ್ಯಾನ್‌ಹೋಲಿಗೂ ವ್ಯತ್ಯಾಸ ಬಹಳ ಇಲ್ಲ. ಬೀದಿಯಲ್ಲಿ ಸಿಗೋದು ಮಾತ್ರ ಒಂದು ಹಗ್ಗ, ಒಂದು ಬಕೆಟ್ಟು, ಒಂದು ಕ್ವಾರ್ಟರ್.

2019ರಿಂದ 2023ರವರೆಗೆ ಹೀಗೆ ಸತ್ತವರು 377 ಜನ. ಸಂಸತ್ತಿನಲ್ಲಿ ಸರ್ಕಾರವೇ ಕೊಟ್ಟ ಲೆಕ್ಕ. 'ನಮಸ್ತೆ'ಗಾಗಿ ಸುಮಾರು 38,000 ಕಾರ್ಮಿಕರನ್ನು ಎಣಿಸಿದಾಗ ನೂರಕ್ಕೆ ಸುಮಾರು 69 ಜನ ಪರಿಶಿಷ್ಟ ಜಾತಿಯವರೇ. ಆದರೂ ಸರ್ಕಾರದ ಉತ್ತರ ಹೇಗಿರುತ್ತೆ ಗೊತ್ತಾ? ಮಲ ಹೊರುವ ಪದ್ಧತಿಯಿಂದ ಯಾರೂ ಸತ್ತ ವರದಿ ಇಲ್ಲ, ಸತ್ತವರು 'ಅಪಾಯಕಾರಿ ಶುಚಿಗೊಳಿಸುವಿಕೆ'ಯಿಂದ ಸತ್ತರು. ನಾನು ಗುಮಾಸ್ತ, ಇಂಥ ವಾಕ್ಯ ಟೈಪ್ ಮಾಡೋದು ಹೇಗೆ ಅಂತ ನನಗೆ ಗೊತ್ತು. ರೇಡಾರಿಗೆ ಸಿಗದ ಹಾಗೆ ಹಡಗಿನ ಗೋಡೆ ಓರೆ ಮಾಡ್ತಾರೆ, ನಮ್ಮ ಸಾವು ಸಿಗದ ಹಾಗೆ ಪದ ಓರೆ ಮಾಡ್ತಾರೆ.

ತಂತ್ರಜ್ಞಾನ ಇಲ್ಲ ಅನ್ನಬೇಡಿ. ಕೇರಳದ ಹುಡುಗರು ಮ್ಯಾನ್‌ಹೋಲಿಗೆ ಇಳಿಯುವ ರೋಬಾಟ್ ಮಾಡಿ ವರ್ಷಗಳೇ ಆದವು. ಇನ್ನು ನಮ್ಮ ಕೆಜಿಎಫ್ ನೋಡಿ. ಅಲ್ಲಿ ರಕ್ಷಣಾ ಸಚಿವಾಲಯದ ಬಿಇಎಂಎಲ್ ಕಾರ್ಖಾನೆ 1960ರ ದಶಕದಿಂದ ದೊಡ್ಡ ದೊಡ್ಡ ಯಂತ್ರ ಮಾಡ್ತಾ ಬಂದಿದೆ. ಅದೇ ಊರಿನ ಗಣಿ ಕಾಲೊನಿಗಳಲ್ಲಿ ದಶಕಗಳ ಕಾಲ ನಮ್ಮ ಜನ ಕೈಯಲ್ಲಿ ಕಕ್ಕಸು ಬಾಚಿದರು. ಅದನ್ನು ನೋಡಿ ಕುದ್ದು ಹೋದ ಆ ಊರಿನ ಮಗ ಬೆಜವಾಡ ವಿಲ್ಸನ್ ಹೋರಾಟ ಕಟ್ಟಿದರು, 2016ರಲ್ಲಿ ಮ್ಯಾಗ್ಸೆಸೆ ಬಂತು. ಬುಲ್ಡೋಜರ್ ಮಾಡುವ ಊರಿನಲ್ಲಿ ಒಂದು ಕಕ್ಕಸು ಗುಂಡಿಗೆ ಯಂತ್ರ ಹುಟ್ಟಲಿಲ್ಲ. ಯಾಕೆ? ಅದಕ್ಕೆ ಯಾರೂ ಚಪ್ಪಾಳೆ ಹೊಡೆಯಲ್ಲ. 2025ರ ಮೇ 1ರಂದು 12,692 ಪೌರಕಾರ್ಮಿಕರಿಗೆ ಕಾಯಂ ಆದೇಶ ಸಿಕ್ಕಿತಲ್ಲ, ಆವತ್ತು ನಮ್ಮ ಕಚೇರಿ ಗ್ರೂಪಿನಲ್ಲಿ ಒಂದು ಹೆಬ್ಬೆಟ್ಟೂ ಬರಲಿಲ್ಲ.

ಹಡಗಿನೊಳಗೂ ಕಕ್ಕಸು ಇದೆ ಮಾರಾಯ್ರೆ. ಅದನ್ನು ತೊಳೆಯೋನಿಗೆ ನೌಕಾಪಡೆಯಲ್ಲಿ ಹಿಂದೆ 'ಟೋಪಾಸ್' ಅನ್ನೋ ಹುದ್ದೆ ಇತ್ತು, ಆರನೇ ಕ್ಲಾಸು ಪಾಸಾಗಿದ್ದರೆ ಸಾಕಿತ್ತು. ಈಗ ಹೆಸರು 'ಹೈಜೀನಿಸ್ಟ್', ಎಸ್‌ಎಸ್‌ಎಲ್‌ಸಿ ಬೇಕು. ಸಮವಸ್ತ್ರದ ಹುದ್ದೆಗಳಿಗೆ ಜಾತಿ ಮೀಸಲಾತಿ ಇಲ್ಲ, ಅಲ್ಲಿ ಜಾತಿಯೇ ಇಲ್ಲ ಅಂತಾರೆ. ಒಳ್ಳೇದು. ಹಾಗಾದರೆ ಟೋಪಾಸ್ ಆಗಿ ಸೇರಿದವರು ಯಾವ ಯಾವ ಕೇರಿಯಿಂದ ಬಂದರು, ಹಡಗಿನ ಸೇತುವೆ ಮೇಲೆ ನಿಲ್ಲೋ ಅಧಿಕಾರಿಗಳು ಯಾವ ಕೇರಿಯಿಂದ ಬಂದರು, ಪಟ್ಟಿ ಕೊಡಿ.

ಇನ್ನೊಂದು ಹಡಗು ಬರೋದಿದೆ, ವಿಂಧ್ಯಗಿರಿ. ನಮ್ಮ ಶ್ರವಣಬೆಳಗೊಳದ ಬೆಟ್ಟದ ಹೆಸರು. 2023ರ ಆಗಸ್ಟ್ 17ರಂದು ಕೋಲ್ಕತ್ತಾದಲ್ಲಿ ಅದನ್ನು ನೀರಿಗಿಳಿಸಿದವರು ರಾಷ್ಟ್ರಪತಿ ದ್ರೌಪದಿ ಮುರ್ಮು, ಒಬ್ಬ ಆದಿವಾಸಿ ಹೆಣ್ಣುಮಗಳು. ನನಗೆ ಆ ಫೋಟೋ ನೋಡಿ ಖುಷಿಯಾಗಿತ್ತು, ಮುಚ್ಚಿಡಲ್ಲ. ಅದು ಸೇವೆಗೆ ಸೇರುವ ದಿನ ಕನ್ನಡದ ಹೆಮ್ಮೆ ಅಂತ ಇಲ್ಲಿ ದೊಡ್ಡ ಗದ್ದಲ ಆಗುತ್ತೆ ನೋಡ್ತಿರಿ. ಆ ಬೆಟ್ಟದ ಮೇಲೆ ಭಕ್ತರನ್ನು ಡೋಲಿಯಲ್ಲಿ ಹೊತ್ತು ಏರಿಸೋರ ಹೆಗಲು ಆವತ್ತೂ ಯಾರ ಕಣ್ಣಿಗೂ ಬೀಳಲ್ಲ. ಹಾಗೆಯೇ ಕಾರವಾರದ ನೌಕಾನೆಲೆಗೆ ಭೂಮಿ ಕೊಟ್ಟು, ಪರಿಹಾರಕ್ಕೆ ದಶಕಗಟ್ಟಲೆ ಕೋರ್ಟು ಅಲೆದ ಮೀನುಗಾರರು, ರೈತರು ಕೂಡ.

ಒಳಮೀಸಲಾತಿ ಜಗಳದಲ್ಲಿ ನಾವು ನಾವೇ ಕಚ್ಚಾಡ್ತಿರೋ ಹೊತ್ತಲ್ಲಿ ಇದನ್ನು ಹೇಳ್ತಿದೀನಿ, ಯಾಕಂದ್ರೆ ಮ್ಯಾನ್‌ಹೋಲಿಗೆ ಎಡ ಬಲ ಗೊತ್ತಿಲ್ಲ.

ನಾನು ಎರಡು ಆರ್‌ಟಿಐ ಅರ್ಜಿ ತಯಾರು ಮಾಡಿದೀನಿ. ಒಂದು ಹಡಗು ಕಟ್ಟೆಗಳಿಗೆ, ಇಂಗ್ಲಿಷಿನಲ್ಲಿ: ಕಾಯಂ ನೌಕರರು ಎಷ್ಟು, ಗುತ್ತಿಗೆಯವರು ಎಷ್ಟು, ಎರಡರಲ್ಲೂ ಎಸ್‌ಸಿ ಎಸ್‌ಟಿ ಎಷ್ಟು. ಇನ್ನೊಂದು ನಿಮ್ಮ ಊರಿನ ಪುರಸಭೆ, ನಗರಸಭೆಗೆ, ಕನ್ನಡದಲ್ಲಿ: ಗ್ಯಾಸ್ ಮೀಟರ್ ಎಷ್ಟು ಖರೀದಿಸಿದಿರಿ, ಬಿಲ್ ಎಲ್ಲಿ, ಸ್ಟಾಕ್ ರಿಜಿಸ್ಟರಿನ ಆ ಪುಟದ ನಕಲು ಕೊಡಿ. ಸ್ಟಾಕ್ ರಿಜಿಸ್ಟರ್ ಅಂತ ಬರೆಯೋದು ಮರೀಬೇಡಿ, ಬರೀ 'ಮಾಹಿತಿ ಕೊಡಿ' ಅಂದರೆ ನನ್ನಂಥ ಗುಮಾಸ್ತ 'ಕ್ರಮ ಕೈಗೊಳ್ಳಲಾಗುತ್ತಿದೆ' ಅಂತ ಒಂದು ಸಾಲು ಬರೆದು ಕಳಿಸ್ತಾನೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಬಿಪಿಎಲ್‌ನವರಿಗೆ ಅದೂ ಇಲ್ಲ. ಮೂವತ್ತು ದಿನ ಕಾಯಿರಿ, ಉತ್ತರ ಬರದಿದ್ದರೆ ಮೇಲ್ಮನವಿ. ಕೆಳಗೆ ನಿಮ್ಮ ಊರಿನ ಹೆಸರು ಹಾಕಿ, ನಮೂನೆ ಕಳಿಸ್ತೀನಿ.